ಪುಸ್ತಕದೊಳಗೆ ಬೆರಳಿಟ್ಟು ಹಾಕಿದ ಸಹಿ

ನಮ್ಮಣ್ಣ ಜೀವಮಾನದಲ್ಲಿ ನನಗೆ ಕೊಡಿಸಿದ್ದು ಒಂದೇ ಒಂದು ಪುಸ್ತಕ. ಅದೂ ಡೈನೋಸಾರ್ ಕತೆ. ಸತ್ತು ಮಣ್ಣಾಗಿ ಕೋಟಿಗಟ್ಟಲೆ ವರ್ಷ ಆದ ಪ್ರಾಣಿಗಳನ್ನ ದುಡ್ಡಿನ ಮದ ಏರಿದವನೊಬ್ಬ ಮತ್ತೆ ಹುಟ್ಟಿಸ್ತಾನೆ, ಗೋಡೆಯೊಳಗೆ ಕೂಡಿ ಟಿಕೆಟ್ ಇಡ್ತಾನೆ, ಅಂಥ ಕತೆ. ಆ ಪುಸ್ತಕದ ಹೆಸರು ಹೇಳಲ್ಲ ನಾನು. ಹೇಳೋಕೆ ಬಾಯಿ ಬರಲ್ಲ. ನೆನೆಸ್ಕೊಂಡ್ರೆ ಇವತ್ತಿಗೂ ಅಂಗಾಲಿಂದ ನೆತ್ತಿವರೆಗೂ ಉರಿಯುತ್ತೆ ನಂಗೆ.

ನನ್ನದು ಬನಶಂಕರಿ ಕಡೆ ಒಂದು ಜೆರಾಕ್ಸ್ ಅಂಗಡಿ. ರಸ್ತೆ ದಾಟಿದ್ರೆ ರಿಜಿಸ್ಟ್ರಾರ್ ಆಫೀಸಿನ ಗೇಟು. ಇಪ್ಪತ್ತೆರಡು ವರ್ಷದಿಂದ ಊರವರ ಕ್ರಯಪತ್ರ, ದಾನಪತ್ರ, ಬಾಡಿಗೆ ಕರಾರು ಎಲ್ಲ ನನ್ನ ಮಿಷನ್ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ. ಕಾಗದ ಕೈಗೆ ಬಂತು ಅಂದ್ರೆ ಕಣ್ಣು ತಾನಾಗೇ ಓಡುತ್ತೆ. ಯಾವ ಅಜ್ಜಿ ಬಂದು ನಡುಗೋ ಕೈಯಲ್ಲಿ ಪತ್ರ ಕೊಟ್ರೂ "ಓದ್ಸಿದ್ದೀರಾ ಅಜ್ಜಿ? ಕೊನೆ ಹಾಳೆ ಓದ್ಸಿ, ಇರೋದೆಲ್ಲ ಅಲ್ಲೇ" ಅಂತ ಗಂಟಲು ಹರ್ಕೊಂಡಿದ್ದೀನಿ. ಕೊನೆ ಹಾಳೆಯಲ್ಲಿ ಚೆಕ್ಕುಬಂದಿ ಇರುತ್ತೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ರಸ್ತೆ, ಎಷ್ಟು ಜಾಗ ಸೇರಿದೆ, ಎಷ್ಟು ಬಿಟ್ಟಿದೆ, ಎಲ್ಲ. ಮೊದಲಿನ ಹಾಳೆಗಳಲ್ಲಿ ಬರೀ ಪ್ರೀತಿ ವಿಶ್ವಾಸದ ಮಾತು. ಇಷ್ಟೆಲ್ಲ ಗೊತ್ತಿದ್ದ ನಾನು ತವರಿನ ಕಾಗದ ಓದದೆ ಸಹಿ ಹಾಕಿ ಬಂದೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಕಲಗಚ್ಚಲ್ಲಿ ಬಿತ್ತಂತೆ. ಎದುರಿಗೆ ಟೈಪಿಂಗ್ ಅಂಗಡಿ ಇಟ್ಟಿರೋನು ಈ ಗಾದೆ ನನ್ನ ಮುಖಕ್ಕೇ ಹೇಳಿದ. ಅವನ ಹತ್ರ ಆರು ತಿಂಗಳು ಮಾತು ಬಿಟ್ಟೆ.

ಹೆಂಗೆ ಓದಲಿಲ್ಲ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡ್ತಿದ್ದೆ. "ಪುಸ್ತಕದೊಳಗೆ ಮುಳುಗೋಗಿದ್ದೆ. ನಮ್ಮಣ್ಣ ಬೇಕಂತಲೇ ಕೊಡಿಸಿದ್ದ." ಒಂದು ವರ್ಷ ಪೂರ್ತಿ ಹೀಗೇ ಹೇಳ್ಕೊಂಡು ತಿರುಗಿದೆ.

ನನ್ನ ತವರು ಉತ್ತರಹಳ್ಳಿ ರಸ್ತೆಯಿಂದ ಒಳಗೆ, ಸುಬ್ರಹ್ಮಣ್ಯಪುರದ ಕಡೆ. ನಾನು ಚಿಕ್ಕೋಳಿದ್ದಾಗ ಅಲ್ಲಿ ರಾಗಿ ಹೊಲ, ಸೊಪ್ಪಿನ ಮಡಿ. ಅಪ್ಪ ಬೇಗ ಹೋದ. ಅವ್ವ ಇಪ್ಪತ್ತು ಗುಂಟೆ ತೋಟದಲ್ಲಿ ಕನಕಾಂಬರ ಬೆಳೆದು, ಹೂವಿನ ಕುಕ್ಕೆ ತಲೆ ಮೇಲೆ ಹೊತ್ತು, ಅಣ್ಣನ್ನ ನನ್ನನ್ನ ಸಾಕಿದಳು. ಆಮೇಲೆ ಸುತ್ತಲ ಹೊಲ ಎಲ್ಲ ಸೈಟಾಯ್ತು. ಅಣ್ಣ ಬಾಡಿಗೆ ಮನೆ ಕಟ್ಟಿಸಿದ, ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟ, ಕೊರಳಿಗೆ ಚೈನು ಹಾಕೊಂಡ. ಅವ್ವ ಮಾತ್ರ ಆ ಇಪ್ಪತ್ತು ಗುಂಟೆ ಮುಟ್ಟೋಕೆ ಬಿಡಲಿಲ್ಲ. ಸಾಯೋ ಮುಂಚೆ ಇಬ್ಬರನ್ನೂ ಕೂರಿಸ್ಕೊಂಡು ಹೇಳಿದಳು: "ನನ್ನ ಸ್ಮಶಾನಕ್ಕೆ ಎತ್ಕೊಂಡು ಹೋಗ್ಬೇಡಿ ಕಣ್ರಪ್ಪ. ಬಾವಿ ಪಕ್ಕದ ಕನಕಾಂಬರದ ಮಡೀಲಿ ಇಟ್ಬಿಡಿ. ನೀರು ಕಟ್ಟೋ ಸದ್ದು ಕೇಳ್ಕೊಂಡು ಬಿದ್ದಿರ್ತೀನಿ."

ಹಾಗೇ ಮಾಡಿದ್ವಿ. ಅಣ್ಣನೇ ಸಿಮೆಂಟು ತಂದು ಸಮಾಧಿ ಕಟ್ಟಿಸಿದ. ಮಹಾಲಯ ಅಮಾವಾಸ್ಯೆಯನ್ನ ನಮ್ಮ ಕಡೆ ಮಾರ್ನಮಿ ಹಬ್ಬ ಅಂತೀವಿ, ಸತ್ತ ಹಿರಿಯರಿಗೆ ಎಡೆ ಇಡೋ ದಿನ. ಪ್ರತಿ ಮಾರ್ನಮಿಗೂ ನಾನು ಕ್ಯಾರಿಯರ್‌ನಲ್ಲಿ ಮುದ್ದೆ, ಬಾಡಿನ ಸಾರು, ಎಲೆ ಅಡಿಕೆ, ಅವ್ವ ಹೂ ಮಾರಿ ಬರೋವಾಗ ತರ್ತಿದ್ದ ಪೆಪ್ಪರಮಿಂಟು, ಎಲ್ಲ ತುಂಬ್ಕೊಂಡು ಬಸ್ಸಲ್ಲಿ ಹೋಗಿ ಆ ಸಮಾಧಿ ಮುಂದೆ ಎಡೆ ಇಟ್ಟು, ವರ್ಷದ ಸಮಾಚಾರ ಎಲ್ಲ ಹೇಳಿ ಬರ್ತಿದ್ದೆ. ಮದುವೆ ಆದ ಹೆಣ್ಣಿಗೆ ತವರು ಅಂದ್ರೆ ಮನೆ ಅಂತಾರೆ. ನನಗೆ ಆ ಮನೆ ಅಣ್ಣಂದು, ಅತ್ತಿಗೇದು. ನನ್ನದು ಅಂತ ಇದ್ದಿದ್ದು ಆ ಆರಡಿ.

ಈಗ ಓದೋ ಹುಚ್ಚಿನ ವಿಷಯ. ಚಿಕ್ಕೋಳಿದ್ದಾಗ ಮಾರ್ಕೆಟ್ಟಿಂದ ಬರೋ ಕುಕ್ಕೆಯಲ್ಲಿ ಹೂವಿನಡಿ ಹಾಸಿದ್ದ ಪೇಪರು ಇರೋದು. ಅದು ಒದ್ದೆಯಾಗಿದ್ರೂ ಒಣಗಿಸಿ ಓದ್ತಿದ್ದೆ. "ಇವಳ ಕೈಗೆ ಒಂದು ಪುಸ್ತಕ ಕೊಟ್ರೆ ಮನೆ ಹತ್ತಿ ಉರಿದ್ರೂ ಗೊತ್ತಾಗಲ್ಲ" ಅಂತ ಅವ್ವ ಬೈಯೋಳು. ಅಣ್ಣ ಬೈತಿರಲಿಲ್ಲ. ಪಕ್ಕದಲ್ಲಿ ಬಂದು ಕೂತು, ನನ್ನ ತಟ್ಟೆಯಿಂದ ಹುರಿದ ಕಡ್ಲೆಕಾಯಿ ಒಂದೊಂದೇ ಎತ್ಕೊಂಡು ತಿನ್ನೋನು. ನಾನು ಕೈ ಹಾಕೋ ಹೊತ್ತಿಗೆ ಬರೀ ಸಿಪ್ಪೆ. ನಾನು ಓದ್ತಾ ಇದ್ರೆ ಎದುರಿಗೇ ಏನು ಬೇಕಾದ್ರೂ ಎತ್ಕೋಬಹುದು ಅಂತ ಅವನಿಗೆ ಎಂಟು ವರ್ಷಕ್ಕೇ ಗೊತ್ತಿತ್ತು.

ಎರಡು ವರ್ಷದ ಹಿಂದೆ ಆಷಾಢ ಕಳೆದ ಕೂಡಲೇ ಅಂಗಡಿಗೆ ಬಂದ. "ತೋಟ ಕೊಡೋಣ ಅಂತಿದ್ದೀನಿ ಕಣಮ್ಮ. ಅಪಾರ್ಟ್‌ಮೆಂಟ್ ಕಟ್ಟೋ ಪಾರ್ಟಿ ಸಿಕ್ಕಿದ್ದಾರೆ. ಹೆಣ್ಣುಮಗಳ ಸಹಿ ಬೇಕಂತೆ."

ನಾನು ಹೇಳಿದ್ದು ಒಂದೇ ಮಾತು. "ನಂಗೇನೂ ಬೇಡ ಅಣ್ಣ. ಅವ್ವ ಮಲಗಿರೋ ಒಂದು ಗುಂಟೆ ಬಿಟ್ಬಿಡು. ಬಿಟ್ಟಿದೆ ಅಂತ ಪತ್ರದಲ್ಲಿ ಬರೆಸು."

"ಏನೇ, ಅವ್ವನ್ನ ಮಾರ್ತೀನಾ ನಾನು?" ಅಂದ. ಕಣ್ಣಲ್ಲಿ ನೀರು ಹಾಕೊಂಡ. ನಾನೂ ಹಾಕೊಂಡೆ. ಥೂ.

ನಮ್ಮ ಕಡೆ ಹೆಣ್ಣುಮಕ್ಕಳು ಹಕ್ಕು ಬಿಡೋದಕ್ಕೆ ಒಂದು ಪದ್ಧತಿ ಇದೆ. ಯಾವ ಕಾನೂನು ಪುಸ್ತಕದಲ್ಲೂ ಇಲ್ಲ, ಎಲ್ಲರ ಮನೇಲೂ ಇದೆ. ಅಣ್ಣ ತಮ್ಮಂದಿರು ತಟ್ಟೆಯಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ, ತೆಂಗಿನಕಾಯಿ ಇಟ್ಕೊಂಡು ಬರ್ತಾರೆ. ಅಕ್ಕ ತಂಗಿಯರು ಸಹಿ ಹಾಕಿ ತಟ್ಟೆ ತಗೋತಾರೆ. ಕಾಗದ ಓದೋ ಹಾಗಿಲ್ಲ. ಓದಬೇಡಿ ಅಂತ ಯಾರೂ ಹೇಳಲ್ಲ, ಆದ್ರೆ ಓದಿದ್ರೆ ತವರಿನ ಮೇಲೆ ಅನುಮಾನ ಪಟ್ಟ ಹಾಗೆ. ನನ್ನ ಅಂಗಡಿಯಲ್ಲೇ ಒಬ್ಬಳು ಹೆಣ್ಣುಮಗಳು ಪತ್ರ ಬಿಡಿಸಿ ಓದೋಕೆ ಹೋದಾಗ ಅವಳ ತಮ್ಮ ಅಂದಿದ್ದು ಕೇಳಿದ್ದೀನಿ: "ಅಕ್ಕ, ನಿಂಗೆ ತವರು ಬೇಕಾ, ಆಸ್ತಿ ಬೇಕಾ?" ಆ ಹೆಣ್ಣುಮಗಳು ಪತ್ರ ಮಡಚಿಬಿಟ್ಟಳು. ಅವತ್ತು ನಾನು ಆ ತಮ್ಮನಿಗೆ ಸರಿಯಾಗಿ ಉಗಿದು ಕಳಿಸಿದ್ದೆ.

ಶ್ರಾವಣದ ಒಂದು ಶುಕ್ರವಾರ ಅಣ್ಣ ಅತ್ತಿಗೆ ಇಬ್ಬರೂ ಬಂದ್ರು. ಅತ್ತಿಗೆ ಕೈಯಲ್ಲಿ ತಟ್ಟೆ, ಮೇಲೆ ಕರವಸ್ತ್ರ ಮುಚ್ಚಿತ್ತು. ಅಣ್ಣನ ಕೈಯಲ್ಲಿ ಪುಸ್ತಕ. "ಜಯನಗರದಲ್ಲಿ ಫುಟ್‌ಪಾತ್ ಮೇಲೆ ಹಾಕೊಂಡು ಮಾರ್ತಿದ್ದ. ನಿನ್ನ ಜ್ಞಾಪಕ ಬಂತು. ಹೆಂಗಿದ್ರೂ ಒಳಗೆ ಕಾಯ್ಬೇಕಲ್ಲ" ಅಂದ. ನನ್ನ ಮುಖ ಅರಳಿಬಿಡ್ತು. ಪಂಚಾಂಗ ಬಿಟ್ಟು ಬೇರೆ ಪುಸ್ತಕ ಕೊಂಡವನಲ್ಲ, ನನಗೋಸ್ಕರ ನಿಂತು ಆರಿಸಿದನಲ್ಲ ಅಂತ ಹೊಟ್ಟೆ ತಣ್ಣಗಾಯ್ತು. ಷಟರ್ ಅರ್ಧ ಎಳೆದು ರಸ್ತೆ ದಾಟಿದೆ.

ಕನ್ನಡಕ್ಕೆ ಅನುವಾದ ಆಗಿದ್ದ ಹಳೇ ಪುಸ್ತಕ. ರಟ್ಟಿನ ಮೇಲೆ ಉದ್ದ ಕತ್ತಿನ ಹಸಿರು ಪ್ರಾಣಿ. ಟೋಕನ್ ತಗೊಂಡು ಬೆಂಚಿನ ಮೇಲೆ ಕೂತು ಓದೋಕೆ ಶುರು ಮಾಡಿದೆ. ಏನು ಹಿಡಿಸ್ತು ಅಂತೀರಿ! ಒಬ್ಬ ಗಣಿ ಧಣಿ. ಅವನ ಗಣಿಯಲ್ಲಿ ಹಿಮದೊಳಗೆ ಹೆಪ್ಪುಗಟ್ಟಿದ ಮೂಳೆಗಳು ಸಿಗ್ತವೆ. ಒಬ್ಬ ಡಾಕ್ಟರು ಆ ಮೂಳೆಯೊಳಗಿನ ಮಜ್ಜೆಯಿಂದ ಮೊದಲು ಉದ್ದ ಕತ್ತಿನ ಒಂದು ಹೆಣ್ಣು ಮರಿ ಹುಟ್ಟಿಸ್ತಾನೆ. ಪಾಪ, ಅದು ಸೊಪ್ಪು ತಿನ್ನೋ ಜಾತಿ. ಆಮೇಲೆ ಧಣಿಯ ಆಸೆ ಹೆಚ್ಚಾಗಿ ಕೋರೆ ಹಲ್ಲಿನವನ್ನೂ ಹುಟ್ಟಿಸ್ತಾರೆ, ಗೋಡೆ ಕಟ್ತಾರೆ, ಟಿಕೆಟ್ ಇಡ್ತಾರೆ. ಕಲ್ಲು ಮಣ್ಣು ಓದಿದ ಒಬ್ಬಳು ಹೆಂಗಸು ಮಾತ್ರ ಬೇಡ ಬೇಡ ಅಂತ ಬಡ್ಕೋತಾಳೆ. ಆ ಹೆಣ್ಣು ಪ್ರಾಣಿ ದಿನಾ ಸಾಯಂಕಾಲ ಮೇವು ಬಿಟ್ಟು, ತನ್ನ ಜಾತಿಯವರ ಮೂಳೆ ಅಗೆದ ಹಳ್ಳದ ಹತ್ರ ಹೋಗಿ ಕತ್ತು ಬಗ್ಗಿಸಿ ನಿಂತ್ಕೊಳುತ್ತೆ. ಇನ್ನಷ್ಟು ಮೂಳೆ ಬೇಕು ಅಂತ ಧಣಿ ಆ ಹಳ್ಳಕ್ಕೆ ಮಿಷನ್ ಕಳಿಸ್ತಾನೆ. ಮಿಷನ್ ಬಂತು, ಪ್ರಾಣಿ ಅಡ್ಡ ನಿಂತಿತು, ಡ್ರೈವರ್ ಹಾರ್ನ್ ಹೊಡೆದ. ಅಷ್ಟೊತ್ತಿಗೆ ನಮ್ಮ ಟೋಕನ್ ನಂಬರ್ ಕೂಗಿದ್ರು.

ಎಡಗೈ ಬೆರಳು ಪುಟದೊಳಗೇ ಇಟ್ಕೊಂಡು ಒಳಗೆ ಹೋದೆ. ಅಣ್ಣ ಪತ್ರ ಮುಂದಿಟ್ಟು ಹಾಳೆ ಒಂದೊಂದೇ ತಿರುವಿದ, ನಾನು ಒಂದೊಂದಕ್ಕೂ ಬಲಗೈಯಲ್ಲಿ ಸಹಿ ಗೀಚಿದೆ. ಹೆಬ್ಬೆಟ್ಟಿಗೆ ಎಡಗೈ ಕೇಳಿದಾಗ ಟೋಕನ್ ಚೀಟಿಯನ್ನ ಪುಟದಲ್ಲಿಟ್ಟು ಪುಸ್ತಕ ಕಂಕುಳಿಗೆ ಸಿಕ್ಕಿಸಿದೆ. ಅಧಿಕಾರಿ ಒಳ್ಳೆಯವರು. ತಲೆಯೆತ್ತಿ ಕೇಳಿದ್ರು: "ಓದಿದ್ದೀರೇನಮ್ಮ? ನಿಮ್ಮ ಇಷ್ಟದಿಂದ ಮಾಡ್ತಿದ್ದೀರಾ?"

"ಹೂಂ ಸಾರ್" ಅಂದೆ.

ಪತ್ರ ಕೈಗೆ ಬರೋಕೆ ಇನ್ನೂ ಮುಕ್ಕಾಲು ಗಂಟೆ ಆಯ್ತು. ಮತ್ತೆ ಬೆಂಚಿಗೆ ಬಂದು ಪುಸ್ತಕ ತೆರ್ಕೊಂಡು ಕೂತೆ, ತಲೆ ಎತ್ತಲಿಲ್ಲ. ಆಮೇಲೆ ಅತ್ತಿಗೆ ಹಣೆಗೆ ಕುಂಕುಮ ಇಟ್ಟು ತಟ್ಟೆ ಕೊಟ್ರು. ಸೀರೆ ಕನಕಾಂಬರದ ಬಣ್ಣ. ಮನೆಗೆ ಬಂದು ಸೀರೆನೂ ಪುಸ್ತಕನೂ ಬೀರುವಿನಲ್ಲಿ ಒಟ್ಟಿಗೆ ಇಟ್ಟೆ.

ಅದಾದ ಎರಡು ತಿಂಗಳೊಳಗೆ ಮಾರ್ನಮಿ. ಎಂದಿನ ಹಾಗೆ ಕ್ಯಾರಿಯರ್ ಹಿಡ್ಕೊಂಡು ಹೋದೆ. ತೋಟದ ಸುತ್ತ ನೀಲಿ ತಗಡು. ಗೇಟಲ್ಲಿ ಬಿಜಾಪುರದ ಕಡೆಯ ವಾಚ್‌ಮನ್, ಹೊಸಬ.

"ಒಳಗ ಬಿಡಂಗಿಲ್ರಿ ಅಕ್ಕಾರ" ಅಂದ.

"ನಮ್ಮವ್ವಂಗೆ ಎಡೆ ಇಡ್ಬೇಕಪ್ಪ. ಬಾವಿ ಪಕ್ಕ ಸಮಾಧಿ ಇದೆಯಲ್ಲ, ಅದು ನಮ್ಮದು. ಅದೊಂದು ಗುಂಟೆ ಬಿಟ್ಟು ಕೊಟ್ಟಿರೋದು."

ಅವನ ಮುಖ ಸಣ್ಣದಾಯ್ತು. ನನ್ನ ಕ್ಯಾರಿಯರ್ ನೋಡಿದ, ನೆಲ ನೋಡಿದ. "ಹೋದ ಸೋಮಾರ ತಗದ್ರಿ ಅದನ್ನ. ಜೆಸಿಬಿ ಹಚ್ಚಿ ತಗದ್ರು. ನಾ ದೂರ ನಿಂತು ಕೈ ಮುಗದನ್ರಿ."

"ತೆಗೆದು ಏನು ಮಾಡಿದ್ರು?"

"ಲಾರ್ಯಾಗ ತುಂಬಿದ್ರಿ. ಅಂಜನಾಪುರದ ಕಡೆ ಎಲ್ಲೋ ತಗ್ಗು ತುಂಬಾಕ ಅಂತ ಹೋತು."

ನಾನು ಏನು ಕೂಗಾಡಿದೆ ಅಂತ ನನಗೆ ಸರಿಯಾಗಿ ಜ್ಞಾಪಕ ಇಲ್ಲ. ಕ್ಯಾರಿಯರ್ ಎತ್ತಿ ತಗಡಿಗೆ ಬಡಿದಿದ್ದು ಜ್ಞಾಪಕ ಇದೆ. ಸೂಪರ್‌ವೈಸರ್ ಅನ್ನೋ ಹುಡುಗ ಓಡಿ ಬಂದ. ನೀವು ಯಾರು, ಏನು, ಎಲ್ಲ ಕೇಳಿ, ತಗಡಿನ ಶೆಡ್ ಆಫೀಸಿಂದ ಒಂದು ಜೆರಾಕ್ಸ್ ತಂದು ಕೈಗೆ ಕೊಟ್ಟ. "ಮೇಡಂ, ನಿಮ್ದೇ ಸಹಿ ತಾನೇ ಇದು?" ನನ್ನದೇ. ಹಾಳೆ ಹಾಳೆಗೂ ನನ್ನದೇ. ಕೊನೆ ಹಾಳೆಯಲ್ಲಿ ಇಪ್ಪತ್ತು ಗುಂಟೆ ಪೂರ್ತಿ ಬರೆದಿತ್ತು. ಒಂದು ಗುಂಟೆ ಬಿಟ್ಟಿದೆ ಅನ್ನೋ ಮಾತೇ ಇಲ್ಲ. ಸಮಾಧಿ ಅನ್ನೋ ಪದವೇ ಇಲ್ಲ. ಟೋನರ್ ಕಡಿಮೆ ಇದ್ದ ಮಿಷನ್‌ನಲ್ಲಿ ತೆಗೆದಿದ್ರು, ಆದ್ರೂ ಅಕ್ಷರ ಸರಿಯಾಗೇ ಕಾಣ್ತಿತ್ತು.

ವಾಚ್‌ಮನ್ ಸೂಪರ್‌ವೈಸರ್‌ಗೆ ಏನೋ ಹೇಳಿ ನನ್ನನ್ನ ಒಳಗೆ ಕರ್ಕೊಂಡು ಹೋದ. ಬಾವಿ ಮುಚ್ಚಿತ್ತು. ಅದರ ಪಕ್ಕ ದೊಡ್ಡ ಗುಂಡಿ. ಅಂಚಲ್ಲಿ ಸ್ವಲ್ಪ ಮಣ್ಣು ಉಳಿದಿತ್ತು. "ಇದು ಆ ಸಮಾಧಿ ಜಾಗಾದ ಮಣ್ಣರಿ" ಅಂದ. ಎಡೆಯನ್ನ ಅಲ್ಲೇ ಸುರಿದು, ಮುದ್ದೆ ಇದ್ದ ಡಬ್ಬಿಯಲ್ಲಿ ಆ ಮಣ್ಣು ತುಂಬಿಸ್ಕೊಂಡೆ. ಬಸ್ಸಲ್ಲಿ ಪಕ್ಕದ ಹೆಂಗಸು ಏನು ಊಟ ಅಂತ ಕೇಳಿದಳು. ಡಬ್ಬಿಯ ಮುಚ್ಚಳ ಒತ್ತಿ ಹಿಡ್ಕೊಂಡೆ.

ಅಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ಸಮಾಧಿ ಇದ್ರೆ ಫ್ಲ್ಯಾಟ್ ಯಾರೂ ತಗೊಳಲ್ಲ ಅಂದ್ರು ಕಣಮ್ಮ, ಪೂರ್ತಿ ಕೊಟ್ರೆ ಮಾತ್ರ ಅಂದ್ರು" ಅಂದ. "ಹಾಗಾದ್ರೆ ಪುಸ್ತಕ ಯಾಕೆ ಕೊಡಿಸಿದೆ, ಕಡ್ಲೆಕಾಯಿ ಕಳ್ಳ?" ಅಂದೆ. ಅವನು ಫೋನ್ ಇಟ್ಟುಬಿಟ್ಟ. ಅಲ್ಲಿಗೆ ಮಾತು ನಿಂತಿತು. ನಮ್ಮ ಯಜಮಾನ್ರು "ಹೋಗ್ಲಿ ಬಿಡು, ಸತ್ತೋರು ಮಣ್ಣಲ್ಲಿ ಮಣ್ಣಾದ್ರು" ಅಂದ್ರು. ಅವರಿಗೂ ಬಿತ್ತು.

ಆ ಪುಸ್ತಕ ಸುಟ್ಟು ಹಾಕಬೇಕು ಅಂತ ಎಷ್ಟು ಸಲ ಕೈಗೆ ತಗೊಂಡಿದ್ದೀನೋ. ನನಗೆ ಯಾವುದರ ಮೇಲೆ ಹೊಟ್ಟೆ ಉರೀತಿತ್ತು ಗೊತ್ತಾ? ಮೊದಲನೇ ಅಧ್ಯಾಯದಲ್ಲಿ ಆ ಕಲ್ಲು ಮಣ್ಣು ಓದಿದ ಹೆಂಗಸು ಗಣಿಯೊಳಗೆ ಮೂಳೆ ಬಿಡಿಸೋದು ಬರುತ್ತೆ. ಬಣ್ಣ ಹಚ್ಚೋ ಬ್ರಷ್ಷಲ್ಲಿ ಧೂಳು ಒರೆಸಿ, ಹತ್ತಿ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೆ ಚೀಟಿ ಅಂಟಿಸ್ತಾಳೆ. ಯಾವ ಎಲುಬು, ಯಾವ ಕಡೆ ತಲೆ ಇತ್ತು, ಎಲ್ಲ ಬರೀತಾಳೆ. ಕೋಟಿ ವರ್ಷದ ಹಿಂದೆ ಸತ್ತ ಹಲ್ಲಿಗೆ ಇಷ್ಟು ಮರ್ಯಾದೆ! ನಲವತ್ತು ವರ್ಷ ಹೂ ಹೊತ್ತ ನಮ್ಮವ್ವನ ಕತ್ತಿನ ಮೂಳೆಗೆ ಜೆಸಿಬಿ. ತಗ್ಗು ತುಂಬೋಕೆ. ಅಂಜನಾಪುರದ ಕಡೆ ಬಸ್ ಹತ್ತೋಕೆ ಇವತ್ತಿಗೂ ನನ್ನ ಕಾಲು ಬರಲ್ಲ, ಯಾವ ರಸ್ತೆ ತುಳೀತೀನೋ ಏನೋ ಅಂತ.

ಡಬ್ಬಿಯ ಮಣ್ಣನ್ನ ಒಂದು ಕುಂಡಕ್ಕೆ ಹಾಕಿ ಕನಕಾಂಬರ ನೆಟ್ಟೆ. ಮನೆಯಲ್ಲಿ ಬಿಸಿಲಿಲ್ಲ ಅಂತ ಅಂಗಡಿ ಹೊಸ್ತಿಲಲ್ಲಿಟ್ಟೆ. ಚೆನ್ನಾಗಿ ಹತ್ತಿಕೊಂಡಿತು.

ಹೋದ ವರ್ಷ ಪಿತೃಪಕ್ಷ ಶುರುವಾದ ದಿನ ಬೆಳಗ್ಗೆ ಹತ್ತಕ್ಕೆ ಅಣ್ಣ ಬಂದು ಅಂಗಡಿ ಮುಂದೆ ನಿಂತ. ಸೊರಗಿದ್ದ. ಮಗಳ ಮದುವೆ ನಿಶ್ಚಯ ಆಗಿ ಎರಡು ಸಲ ಮುರಿದಿತ್ತು ಅಂತ ಬೇರೆಯವರಿಂದ ಕೇಳಿದ್ದೆ. ಶಾಸ್ತ್ರ ಕೇಳೋಕೆ ಹೋದ್ರೆ "ನಿಮ್ಮ ಮನೆ ಹಿರಿಯರಿಗೆ ನೆಲೆ ಇಲ್ಲ, ಅವರಿದ್ದ ಮಣ್ಣಿಗೆ ಎಡೆ ಇಡಿ" ಅಂದ್ರಂತೆ. ಮಣ್ಣು ಎಲ್ಲಿದೆ? ನನ್ನ ಕುಂಡದಲ್ಲಿ.

"ಒಂದು ಹಿಡಿ ಕೊಡೇ. ಅವ್ವ ನನಗೂ ಅವ್ವನೇ ಅಲ್ವಾ" ಅಂದ.

ನನಗೆ ಬಂದ ಸಿಟ್ಟಿಗೆ ನಗು ಬಂದುಬಿಡ್ತು. ಲಾರಿಗಟ್ಟಲೆ ತಗ್ಗಿಗೆ ಸುರಿಸಿದವನು ಹಿಡಿ ಮಣ್ಣಿಗೆ ಕೈ ಚಾಚ್ಕೊಂಡು ನಿಂತಿದ್ದಾನೆ! ಒಳಗಿಂದ ಆ ಪುಸ್ತಕ ತಂದು ಅವನ ಕೈಯಲ್ಲಿಟ್ಟೆ. ಜೊತೆಗೆ ಪ್ಲಾಸ್ಟಿಕ್ ಸ್ಟೂಲು ತೋರಿಸ್ದೆ.

"ಇದನ್ನ ಮೊದಲಿಂದ ಓದು. ನನ್ನ ಕಣ್ಣೆದುರಿಗೆ ಓದು. ಆಮೇಲೆ ಮಣ್ಣಿನ ಮಾತು."

"ನಾನು ಓದೋದಾ? ಏಳನೇ ಕ್ಲಾಸು ಕಣೇ ನಾನು."

"ಚೆಕ್ಕುಬಂದಿ ಬರೆಸೋಕೆ ಬರುತ್ತಲ್ಲ. ಓದು."

ಅವನು ಎದ್ದು ಹೋಗ್ತಾನೆ ಅಂದ್ಕೊಂಡಿದ್ದೆ. ಕೂತ. ದಿನಾ ಬೆಳಗ್ಗೆ ಹತ್ತಕ್ಕೆ ಬಂದು, ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸ್ಕೊಂಡು ಓದೋಕೆ ಶುರು ಮಾಡಿದ. ಜೆರಾಕ್ಸಿಗೆ ಬಂದವರು "ಅಂಕಲ್, ಎಕ್ಸಾಮಾ?" ಅಂತ ರೇಗಿಸಿದ್ರು. ಕಿವಿ ಕೆಂಪಗಾದ್ರೂ ಏಳಲಿಲ್ಲ. ನನಗೆ ಒಳಗೊಳಗೇ ಖುಷಿ. ಅನುಭವಿಸು ಮಗನೇ ಅಂತ. ಮೂರನೇ ದಿನದಿಂದ ಅವನಿಗೆ ಕತೆ ಹಿಡೀತು. "ಈ ಡಾಕ್ಟರು ಸಖತ್ ಕಳ್ಳ ಕಣೇ" ಅಂದ. "ಎಲ್ಲ ಗೊತ್ತಿದ್ದು ಬಾಯಿ ಮುಚ್ಕೊಂಡಿದ್ದಾನೆ." ಕಳ್ಳನಿಗೆ ಕಳ್ಳ ಬೇಗ ಗೊತ್ತಾಗ್ತಾನೆ ಅಂದೆ. ಅವನು ಮುಂದಿನ ಹಾಳೆ ತಿರುವಿದ.

ಅಮಾವಾಸ್ಯೆಗೆ ಇನ್ನು ಎರಡು ದಿನ ಇತ್ತು. ಮಧ್ಯಾಹ್ನ, ಗಿರಾಕಿ ಯಾರೂ ಇರಲಿಲ್ಲ. ಅವನ ಬೆರಳು ನಿಂತಿತು. ಪುಟದೊಳಗೆ ನನ್ನ ಟೋಕನ್ ಚೀಟಿ ಇತ್ತು. ಅದನ್ನ ಎತ್ತಿ ಎರಡೂ ಕಡೆ ನೋಡಿದ. ಆಮೇಲೆ ಆ ಪುಟವನ್ನ ಗಟ್ಟಿಯಾಗಿ ಓದಿದ, ಒಂದೊಂದೇ ಅಕ್ಷರ ಕೂಡಿಸಿ. ಮಿಷನ್ ಹಳ್ಳದ ಹತ್ರ ಬಂದಿದ್ದು, ಆ ಹೆಣ್ಣು ಪ್ರಾಣಿ ಅಡ್ಡ ನಿಂತಿದ್ದು, ಡ್ರೈವರ್ ಹಾರ್ನ್ ಹೊಡೆದಿದ್ದು.

"ಇಲ್ಲೇ ತಾನೇ ಕರೆದಿದ್ದು ನಮ್ಮನ್ನ?" ಅಂದ.

"ಹೌದು. ಇಲ್ಲೇ. ಆ ಪ್ರಾಣಿ ಅಡ್ಡ ನಿಂತಿತ್ತು, ನಾನು ಅದನ್ನೇ ಯೋಚನೆ ಮಾಡ್ಕೊಂಡು ನಿನ್ನ ಕಾಗದಕ್ಕೆ ಸಹಿ ಹಾಕಿದೆ. ಅದಕ್ಕೇ ತಾನೇ ನೀನು ಪುಸ್ತಕ ತಂದಿದ್ದು?"

"ಹೂಂ. ಅದಕ್ಕೇ ತಂದಿದ್ದು." ಸುಳ್ಳು ಹೇಳಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟ. "ಆಮೇಲೆ ಏನಾಗುತ್ತೆ ಇದರಲ್ಲಿ?"

"ಏನೋ. ನಾನು ಓದಿಲ್ಲ."

"ಅದೇ ಕಣೇ ನಾನು ಹೇಳೋದು" ಅಂದ, ಮೆತ್ತಗೆ. "ಒಳಗೆ ಹೋಗೋ ಮುಂಚೆ ನೀನು ಪಟಪಟ ಅಂತ ಪುಸ್ತಕದ ಹಾಳೆ ತಿರುವ್ತಿದ್ದೆ. ಸಹಿ ಹಾಕೋವಾಗ ಕೊನೆ ಹಾಳೆಗೆ ನಿನ್ನ ಪೆನ್ನು ನಿಂತಿತು. ನಾನು ನೋಡ್ದೆ. ಈಗ ಎತ್ತುತ್ತಾಳೆ ತಲೆ, ಈಗ ಕೇಳ್ತಾಳೆ ಅಂತ ಕಾದೆ. ನೀನು ಒಂದ್ಸಲ ನಿಮ್ಮತ್ತಿಗೆ ಕೈಯಲ್ಲಿದ್ದ ತಟ್ಟೆ ನೋಡಿದೆ. ಸಹಿ ಹಾಕಿದೆ. ಆಮೇಲೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಪುಸ್ತಕ ಹಿಡ್ಕೊಂಡು ಕೂತಿದ್ದೆಯಲ್ಲ, ಒಂದು ಹಾಳೆ ತಿರುವಲಿಲ್ಲ ನೀನು."

ಬೈಗುಳ ಎಲ್ಲ ಸಿದ್ಧವಾಗಿತ್ತು, ವರ್ಷದಿಂದ ಮಸೆದು ಇಟ್ಟಿದ್ದು. ಆದ್ರೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನನ್ನ ಕೈ ಆ ಪುಸ್ತಕದ ಮೇಲೆ ಹೋಗಿತ್ತು. ಇಪ್ಪತ್ತು ಗುಂಟೆ ಅನ್ನೋ ಅಕ್ಷರ ನನ್ನ ಕಣ್ಣಿಗೆ ಬಿದ್ದಿತ್ತು. ಬೀಳದೆ ಏನು? ದಿನಕ್ಕೆ ನೂರು ಕೊನೆ ಹಾಳೆ ನೋಡೋ ಕಣ್ಣು. ಒಂದು ಗುಂಟೆ ಎಲ್ಲಿ ಅಣ್ಣ ಅಂತ ಕೇಳಿದ್ರೆ ಅಷ್ಟು ಜನರೆದುರು ಅತ್ತಿಗೆ ಮುಖ ಸಿಂಡರಿಸ್ತಾರೆ, ತಟ್ಟೆ ವಾಪಸ್ ಹೋಗುತ್ತೆ, ಇನ್ನು ನನಗೆ ತವರಿಲ್ಲ. ಕೆಟ್ಟ ಹೆಣ್ಣು ಅನ್ನಿಸ್ಕೋಬೇಕಾಗಿತ್ತು, ಅಷ್ಟೇ. ಅದೊಂದು ಆಗಲಿಲ್ಲ ನನ್ನ ಕೈಲಿ. ಅಧಿಕಾರಿ ನನ್ನ ಮುಖ ನೋಡಿ ಕೇಳಿದ್ರು, ಹೂಂ ಸಾರ್ ಅಂದೆ. ಆಮೇಲೆ ಮುಖ ಮುಚ್ಕೊಳ್ಳೋಕೆ ಪುಸ್ತಕ ಇತ್ತು. ಬುದ್ಧಿಯಿಲ್ಲದ ಪ್ರಾಣಿ ಮಿಷನ್‌ಗೆ ಅಡ್ಡ ನಿಂತಿತ್ತು. ನಾನು ಸೀರೆ ತಗೊಂಡು ಮನೆಗೆ ಬಂದೆ.

ಇಷ್ಟು ದಿನ ಅಣ್ಣನ ಮೇಲಿದ್ದ ಸಿಟ್ಟು ಇಳಿದು ಹೋಯ್ತು ಅಂತ ಅಂದ್ಕೋಬೇಡಿ. ಒಂದು ಗುಲಗಂಜಿ ಇಳಿದಿಲ್ಲ. ಅದರ ಮೇಲೆ ಇನ್ನೊಂದು ಸಿಟ್ಟು ಬಂದು ಕೂತಿದೆ, ಇದಕ್ಕೆ ಬೈಯೋಕೆ ಯಾರೂ ಸಿಗಲ್ಲ.

"ಪೂರ್ತಿ ಓದಿ ಮುಗಿಸ್ಬೇಕಾ?" ಅಂದ ಅಣ್ಣ.

"ಬೇಡ."

ಚಮಚ ತಂದು ಕನಕಾಂಬರದ ಬೇರು ಅಲ್ಲಾಡದ ಹಾಗೆ ಕುಂಡದ ಅಂಚಿಂದ ಮಣ್ಣು ತೆಗೆದೆ. ಒಂದು ಹಿಡಿ ಕೇಳಿದ್ದ, ಅರ್ಧ ಹಿಡಿ ಕೊಟ್ಟೆ. ಕಟ್ಟೋಕೆ ಏನೂ ಇರಲಿಲ್ಲ, ಮಿಷನ್ ಪಕ್ಕ ಬಿದ್ದಿದ್ದ ಹಾಳು ಜೆರಾಕ್ಸ್ ಹಾಳೆ ಎತ್ಕೊಂಡೆ, ಯಾರದೋ ಪತ್ರದ್ದು. ಮಣ್ಣು ಸುರಿಯೋ ಮುಂಚೆ ಆ ಹಾಳೆಯನ್ನ ಬೆಳಕಿಗೆ ಹಿಡಿದು, ಎರಡೂ ಕಡೆ, ಪೂರ್ತಿ ಓದಿದೆ. ಆಮೇಲೆ ಪೊಟ್ಟಣ ಕಟ್ಟಿ ಅವನ ಕೈಗೆ ಕೊಟ್ಟೆ.